ಏಳು ಪಾಲು, ನಾಲ್ಕು ನಳ್ಳಿ ಎಲುಬು

ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ನಾನು ತತ್ವಶಾಸ್ತ್ರ ಕಲಿಸುತ್ತೇನೆ. ನ್ಯಾಯ ಎಂದರೇನು ಎಂಬುದು ಪ್ರತಿವರ್ಷದ ಪಾಠ. ಅವರವರ ಯೋಗ್ಯತೆಗೆ ತಕ್ಕಷ್ಟು ಅವರವರಿಗೆ ಸಿಗಬೇಕು ಎಂದರು ಹಳೆಯ ಗ್ರೀಕರು. ಹೆಚ್ಚು ಜನಕ್ಕೆ ಹೆಚ್ಚು ಸುಖವಾದರೆ ಸಾಕು ಎಂದರು ಆಮೇಲೆ ಬಂದ ಇಂಗ್ಲೆಂಡಿನವರು. ಈಚೆಗೆ ಅಮೆರಿಕದ ಪಂಡಿತರೊಬ್ಬರು, ತನಗೆ ಯಾವ ಪಾಲು ಬರುತ್ತದೆಂದು ಗೊತ್ತಿಲ್ಲದವನು ಮಾಡಿದ ಹಂಚಿಕೆಯೇ ನ್ಯಾಯ, ಆದ್ದರಿಂದ ಮುಂದೊಂದು ಪರದೆ ಇಳಿಬಿಟ್ಟುಕೊಂಡು ನಿಯಮ ಮಾಡಿ ಎಂದರು. ಈ ಪರದೆಯ ಪಾಠ ನನಗೆ ಬಲು ಇಷ್ಟ. ಅಷ್ಟರಲ್ಲಿ ಹುಡುಗರು ನಿದ್ದೆ ಹೋಗಿರುತ್ತಾರೆ, ಅದು ಬೇರೆ ಮಾತು.

ನಮ್ಮೂರು ಕರೋಶಿಯಲ್ಲಿ ತಿಂಗಳಿಗೊಂದು ರವಿವಾರ ಏಳು ಮನೆಯವರು ಕೂಡಿ ಒಂದು ಹೋತ ಕೊಯ್ಯಿಸುತ್ತೇವೆ. ಕೊಯ್ಯುವವರು ಮಗ್ಗುಲ ಮನೆಯ ಚಾಚಾ. ಏಳರಲ್ಲಿ ಒಂದು ಪಾಲು ಅವರದೇ. ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಏಳು ಪಾಲು ಹಾಕಿ, ಒಬ್ಬನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಚಾಚಾ ಒಂದು ಪಾಲಿಗೆ ಬೆರಳು ತೋರಿಸಿ "ಇದ ಯಾರ್ದು?" ಎಂದರೆ, ಅವನು ನೋಡದೆ ಒಂದು ಮನೆ ಹೇಳಬೇಕು. ಒಮ್ಮೆ ನಾನು ಅಮೆರಿಕದ ಪರದೆಯನ್ನು ಚಾಚಾಗೆ ವಿವರಿಸಿದೆ.

"ಇದನ್ನ ಹೇಳಾಕ ನಿಮಗ ಪಗಾರ ಕೊಡತಾರೇನ್ರಿ ಸರ?" ಎಂದರು. ಅಂದಿನಿಂದ ಗೋಡೆಗೆ ನಿಲ್ಲುವ ಕೆಲಸ ನನಗೇ ಬಂತು.

ತೊಂದರೆ ನಳ್ಳಿ ಎಲುಬಿನದು. ಮಾಂಸವನ್ನು ಏಳು ಪಾಲು ಮಾಡಬಹುದು. ಮಜ್ಜೆ ತುಂಬಿದ ದೊಡ್ಡ ನಳ್ಳಿಗಳು ಕಾಲಿಗೊಂದರಂತೆ ಇರುವುದೇ ನಾಲ್ಕು. ನಮ್ಮವ್ವನಿಗೆ ಹಲ್ಲಿಲ್ಲ. ನಳ್ಳಿಯನ್ನು ತಾಟಿಗೆ ಬಡಿದು ಮಜ್ಜೆ ಹೀರುವುದೊಂದೇ ಆಕೆಗೆ ಉಳಿದ ಬಾಡೂಟ. ಮೂರು ಸಲ ನಮಗೆ ಬಂದದ್ದು ಬರೀ ಪಕ್ಕೆಲುಬು.

"ಊರಿಗೆಲ್ಲಾ ನ್ಯಾಯ ಹೇಳ್ತಿ, ಮನಿಗೆ ನೋಡಿದ್ರ ಇಂಥಾದ್ದ ತರ್ತಿ" ಎಂದು ಅವ್ವ ತಾಟು ದೂಡಿದಳು.

ನಾಲ್ಕನೆಯ ಸಲ ಬೈಕಿನ ಮುಂದಿನ ಗಾಲಿಯನ್ನು ಆ ಗೋಡೆಗೇ ಹಚ್ಚಿ ನಿಲ್ಲಿಸಿದೆ. ಅದರ ಕನ್ನಡಿಯಲ್ಲಿ ತಾಡಪತ್ರಿ ಪೂರ್ತಿ ಕಾಣುತ್ತಿತ್ತು. ಚಾಚಾನ ಬೆರಳು ದಪ್ಪ ನಳ್ಳಿಯಿದ್ದ ಪಾಲಿಗೆ ಬಂದಾಗ "ಮಾಸ್ತರ ಮನಿದು" ಎಂದು ನಮ್ಮ ಮನೆ ಹೇಳಿದೆ. ಎಂದಿಗಿಂತ ತುಸು ಬೇಗನೇ ಎಂದೆ.

ಅವ್ವ ಓಣಿಗೆಲ್ಲ ಕೇಳುವಂತೆ ನಳ್ಳಿ ಬಡಿದಳು. "ದೇವ್ರು ಇವತ್ತ ಕಣ್ಣ ತಗದಾನ ನೋಡು" ಎಂದಳು. ಕಣ್ಣು ತೆರೆದವನು ನಾನು. ಆಕೆಯ ತಾಟಿಗೆ ಇನ್ನಷ್ಟು ಸಾರು ಹಾಕಿದೆ.

ಮುಂದಿನ ತಿಂಗಳು ನಾನು ಗೋಡೆಗೆ ತಿರುಗುವ ಮೊದಲೇ ಚಾಚಾ ಹೆಗಲ ಮೇಲಿನ ಟವೆಲ್ ತೆಗೆದು ಬೈಕಿನ ಕನ್ನಡಿಗೆ ಹಾಕಿದರು.

"ಧೂಳ ಕುಂಡ್ರತೈತ್ರಿ ಸರ" ಎಂದರು.

ನಾನು ಬೇಗ ಗೋಡೆಗೆ ತಿರುಗಿಕೊಂಡೆ. ನಮಗೆ ಮತ್ತೆ ಪಕ್ಕೆಲುಬೇ ಬಂತು. ಎಲ್ಲರೂ ಹೋದ ಮೇಲೆ ಚಾಚಾ ತಮ್ಮ ಪಾಲಿನ ನಳ್ಳಿ ತೆಗೆದು ನನ್ನ ಚೀಲಕ್ಕೆ ಹಾಕಿದರು.

"ಅವ್ವಗ ಹಲ್ಲಿಲ್ಲಂತ ಓಣಿಗೆಲ್ಲಾ ಗೊತ್ತೈತ್ರಿ ಸರ. ಕೇಳಿದ್ರ ಯಾರರೆ ಒಲ್ಲೆ ಅಂತಿದ್ರೇನು?"

ಇಪ್ಪತ್ತು ವರ್ಷ ನ್ಯಾಯ ಕಲಿಸಿದವನಿಗೆ, ಕೇಳಬಹುದು ಎಂಬುದು ಹೊಳೆದೇ ಇರಲಿಲ್ಲ.