ಗಟ್ಟಿ ನೀರು

ಗಜೇಂದ್ರಗಡದ ನಮ್ಮ ಬಟ್ಟೆ ಅಂಗಡಿಯಲ್ಲಿ ನನ್ನ ಗಂಡ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ಮಡಚಲು ಹೋದಾಗ ಬಲಗೈ ಏಳಲಿಲ್ಲ. ಏನೋ ಹೇಳಲು ನೋಡಿದರು. ಮಾತೂ ಬರಲಿಲ್ಲ.

ಸ್ಟ್ರೋಕ್.

ಹುಬ್ಬಳ್ಳಿಯ ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದೆವು. ಆದರೆ ನುಂಗುವ ಶಕ್ತಿ ಕುಂದಿತ್ತು. ತೆಳ್ಳಗಿನ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದಂತೆ. ಅಲ್ಲಿನ ಡಾಕ್ಟರು ಒಂದು ಪುಡಿ ಬರೆದುಕೊಟ್ಟರು. ಅದನ್ನು ಪ್ರತಿ ಲೋಟ ನೀರಿಗೂ ಕಲಸಿ, ಗಂಜಿಯಂತೆ ಗಟ್ಟಿಯಾದ ಮೇಲೆ ಚಮಚದಲ್ಲಿ ಕುಡಿಸಬೇಕು. ಎಷ್ಟೇ ಬಾಯಾರಿದರೂ ಅವರಿಗೆ ಅದೇ.

ಮೊದಲೇ ಸಕ್ಕರೆ ಕಾಯಿಲೆಯವರು. ಈಗ ಶುಗರ್ ಏರತೊಡಗಿತು. ಅನ್ನ ಬಿಡಿಸಿದೆ, ಇನ್ಸುಲಿನ್ ಹೆಚ್ಚಾಯಿತು, ಆದರೂ ಏರಿತು. ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜೊತೆಗೆ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕೂಡ ಮೇಲೆ.

ಹೊಳೆಆಲೂರಿನಿಂದ ಅಣ್ಣನನ್ನು ನೋಡಲು ಬಂದ ನಾದಿನಿ ಗಂಗಾ ಮೆಲ್ಲಗೆ ಕೇಳಿದಳು: “ವೈನಿ, ಪಾಪ ಆಸೆ ಮಾಡ್ತಾನಂತ ಸಿಹಿ ಏನರ ಕೊಡಾಕತ್ತೀರೇನು?”

ಉರಿದುಹೋದೆ. “ಹೂಂ, ದಿನಾ ಹೋಳಿಗಿ ಮಾಡಿ ತುಪ್ಪ ಸುರುವಿ ತಿನಸಾಕತ್ತೀನಿ! ನೀನ ಇದ್ದು ನೋಡಕೋವಾ ನಿಮ್ಮಣ್ಣನ್ನ.”

ಆಮೇಲೆ ಅಡಿಗೆಮನೆಗೆ ಹೋಗಿ ಅತ್ತೆ. ಮಾಡಬೇಕಾದದ್ದನ್ನೆಲ್ಲ ಮಾಡಿಯೂ, ಅವರ ಬೆರಳು ಚುಚ್ಚಿ ನೋಡಿದಾಗಲೆಲ್ಲ ಶುಗರ್ ಮಷೀನು ಹೆಚ್ಚೇ ತೋರಿಸುತ್ತಿತ್ತು.

ನಮ್ಮೂರ ಡಾಕ್ಟರ ಬಳಿ ಹೋದಾಗ ಪುಡಿಯ ಬಗ್ಗೆಯೇ ದೂರಿದೆ. “ಡುಪ್ಲಿಕೇಟ್ ಐತೇನೋ ಸಾಹೇಬ್ರ. ಎಂಜಲ ಚಮಚಾ ಅದ್ದಿದ ಲೋಟದಾಗ ಸ್ವಲ್ಪ ಹೊತ್ತಿಗೆ ಮತ್ತ ತೆಳ್ಳನ್ನ ನೀರ ಆಗತೈತಿ.”

ಅವರು ಪೆನ್ನು ಕೆಳಗಿಟ್ಟರು. “ಡುಪ್ಲಿಕೇಟ್ ಅಲ್ರಿ ಅಕ್ಕಾರ. ಅದು ಗೋವಿನಜೋಳದ ಹಿಟ್ಟಿನಿಂದ ತಗದ ಸ್ಟಾರ್ಚ್. ತಣ್ಣೀರಾಗೂ ಗಟ್ಟಿ ಆಗಲಿ ಅಂತ ಫ್ಯಾಕ್ಟರಿಯೊಳಗ ಬದಲು ಮಾಡಿರ್ತಾರ. ಎಂಜಲ ಹತ್ತಿದ ಕೂಡ್ಲೆ ಕರಗಾಕ ಸುರು. ಹೊಟ್ಟಿಗೆ ಹೋದ್ರ ಸಕ್ರಿನ ಆಗತೈತಿ.”

“ಸ್ಟಾರ್ಚ್ ಶುಗರ್ ಇಳಸ್ತೈತಿ ಅಂತ ಮೊಬೈಲ್‌ನಾಗ ಹೇಳತಿದ್ರಲ್ರಿ?”

“ಅದು ಬ್ಯಾರೆ ಜಾತಿ ಸ್ಟಾರ್ಚ್ ರಿ, ಹೊಟ್ಟ್ಯಾಗ ಅರಗದನ ಹಂಗ ಮುಂದ ಹೋಗೂದು. ಅದರಿಂದ ಶುಗರ್, ಕೊಲೆಸ್ಟ್ರಾಲ್ ಒಂದೀಟು ಇಳೀಬಹುದು. ಎಲ್ಲಾರಿಗೂ ಅಂತ ಹೇಳಾಕ ಬರೂದಿಲ್ಲ. ನಿಮ್ಮ ಪುಡಿ ಅದಲ್ಲ.”

ನಾನು ನೀರಲ್ಲೇ ಸಕ್ಕರೆ ಕುಡಿಸುತ್ತಿದ್ದೆ.

“ಹಂಗಾರ ಬಿಡ್ಲೇನ್ರಿ?”

“ಬಿಟ್ರ ನೀರು ಎದಿಗೆ ಇಳೀತೈತಿ.”

ಗಮ್ ಎಂಬ ಅಂಟಿನಿಂದ ಮಾಡಿದ, ಸಕ್ಕರೆಯಾಗದ ಬೇರೆ ಪುಡಿ ಬರೆದುಕೊಟ್ಟರು. ಅದು ಹುಬ್ಬಳ್ಳಿಯಿಂದ ಬರುವ ತನಕ ಹಳೆಯದನ್ನೇ ಕಲಸಿದೆ. ಗೊತ್ತಿದ್ದೂ ಕಲಸಿದೆ. ಕೊಟ್ಟರೆ ಶುಗರ್, ಕೊಡದಿದ್ದರೆ ಬಾಯಾರಿಕೆ, ಬರೀ ನೀರು ಕೊಟ್ಟರೆ ಜೀವಕ್ಕೇ ಕುತ್ತು. ಇಂಥ ಗತಿ ವೈರಿಗೂ ಬೇಡ.

ಈಗ ಶುಗರ್ ಇಳಿದಿದೆ, ಪೂರ್ತಿ ಅಲ್ಲ. ದೇವರು ಇಷ್ಟಾದರೂ ಕೊಟ್ಟನಲ್ಲ. ಆದರೆ ಹೊಸ ಪುಡಿಯ ನೀರೂ ಲೋಳೆಯೇ. ಅವರೆದುರು ಕುಡಿಯಲು ಮನಸ್ಸಾಗದೆ ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನೀರು ಕುಡಿಯುತ್ತೇನೆ. ನಿನ್ನೆ ಮಧ್ಯಾಹ್ನ ಆ ಸದ್ದು ಕೇಳಿಸಿತೇನೋ. ತೊದಲುತ್ತಾ ಕರೆದರು.

“ಇಲ್ಲೇ ಬಾ. ನನ್ನ ಮುಂದ ಕುಡಿ.”

“ಬ್ಯಾಡ್ರಿ, ನಿಮಗ ಆಸೆ ಆಗತೈತಿ.”

“ಆಗಲಿ. ನೋಡಬೇಕು.”

ಮಂಚದ ಬಳಿ ಕುಳಿತು ತಂಬಿಗೆ ಎತ್ತಿ ಗಟಗಟ ಕುಡಿದೆ. ಅವರ ಗಂಟಲೂ ನನ್ನ ಜೊತೆಗೇ ಏರಿಳಿಯುತ್ತಿತ್ತು.