ಹೀರೆಬೀಜದಿಂದ ಕಾದ ನೀರು

ಈ ಯುಗಾದಿಗೆ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ಮಾವ ತೀರಿಕೊಂಡು ಇನ್ನೂ ವರ್ಷವಾಗಿಲ್ಲ. ಹಾಗಾಗಿ ಬಾಗಿಲಿಗೆ ತೋರಣವಿಲ್ಲ, ತಲೆಗೆ ಎಣ್ಣೆಯಿಲ್ಲ. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಪಕ್ಕದ ಮನೆಯವರ ಹಂಡೆ ಒಲೆಯಿಂದ ಕುಳ್ಳಿನ ಹೊಗೆ ಕಾಂಪೌಂಡು ದಾಟಿ ನೇರ ನನ್ನ ಮೂಗಿಗೇ ಬಂತು. ನೀವೂ ನಮ್ಮ ಕಡೆಯವರಾಗಿದ್ದರೆ ಆ ವಾಸನೆಗೆ ಹೋಳಿಗೆ ನೆನಪಾಗಿ ಬಾಯಲ್ಲಿ ನೀರೂರೀತು. ನನಗೆ ಮಾತ್ರ ಎದೆ ಧಸಕ್ಕೆಂದಿತು. ಸಗಣಿಯ ಹೊಗೆಗೆ ಬೆಚ್ಚಿಬೀಳುವ ಹೆಂಗಸು ಇಡೀ ಕೂಡ್ಲಿಗಿಯಲ್ಲಿ ನಾನೊಬ್ಬಳೇ ಇರಬೇಕು. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಾವು ಈ ಮನೆ ಕಟ್ಟಿಸಿಕೊಂಡು ಬಂದ ಮೊದಲ ವರ್ಷದ ಮಾತು. ಅದಕ್ಕೆ ಮುಂಚೆ ಇದ್ದದ್ದು ಹರಪನಹಳ್ಳಿ ಕಡೆಯ ಅರಸೀಕೆರೆಯಲ್ಲಿ, ಬಾಡಿಗೆ ಮನೆ. ಅಲ್ಲಿ ಅತ್ತೆ ಮನೆಯೊಡತಿಯ ಹಿತ್ತಿಲಿನ ಒಂದು ಮೂಲೆ ಕೇಳಿ ಪಡೆದು ನಾಕು ಬಳ್ಳಿ ಹಬ್ಬಿಸುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಅವರಿಗೆ ಸಿಕ್ಕ ದೊಡ್ಡ ಆಸ್ತಿಯೆಂದರೆ ಸ್ವಂತ ಹಿತ್ತಿಲು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಹೊಸ ಮನೆಗೆ ಜೊತೆಯ ಟೀಚರುಗಳನ್ನು ಕರೆದು ತೋರಿಸಬೇಕೆಂಬ ಹಮ್ಮು ನನಗಿತ್ತು. ನೋಡಿದರೆ ಅತ್ತೆ ಓಣಿಯ ಎಮ್ಮೆಯ ಸಗಣಿ ತಂದು, ಬಣ್ಣ ಹೊಡೆಸಿ ತಿಂಗಳಾಗದ ಹಿತ್ತಿಲ ಗೋಡೆಗೆ ಸಾಲಾಗಿ ಕುಳ್ಳು ತಟ್ಟಿಬಿಟ್ಟಿದ್ದಾರೆ! ನನ್ನವರು ಬಣ್ಣದ ಡಬ್ಬಿ ನೆನೆದು ಹಲ್ಲು ಕಡಿದರು. ಅತ್ತೆ ಕೈ ತೊಳೆಯುತ್ತ, "ಇರ್ಲಿ ಬಿಡ್ರಿ, ಗ್ವಾಡಿಗೆ ಏನೂ ಆಗಂಗಿಲ್ಲ" ಎಂದರು. ಆಗಲೇ ಕೇಳಿದ್ದರೆ ಅವು ಎಂಥ ಕುಳ್ಳು ಎಂದು ಹೇಳುತ್ತಿದ್ದರೇನೋ, ಆದರೆ ಯಾರೂ ಕೇಳಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಹಿತ್ತಿಲು ಅಗೆಯುವ ಕೆಲಸ ಹತ್ತಿತು. ಹತ್ತಿತು ಅನ್ನುವುದಕ್ಕಿಂತ ನಮ್ಮನ್ನು ಹತ್ತಿಸಿಕೊಂಡಿತು ಅನ್ನಬೇಕು. ಗುದ್ದಲಿ ಹಾಕಿದಲ್ಲೆಲ್ಲ ಗೌಂಡಿಗಳು ಬಿಟ್ಟುಹೋದ ಸಿಮೆಂಟಿನ ಹೆಂಟೆ, ಇಟ್ಟಿಗೆ ಚೂರು, ಬಾಗಿದ ಮೊಳೆ. ನನ್ನವರು ಎರಡು ಏಟು ಹಾಕಿ ಆಫೀಸಿನ ಫೋನು ಬಂತೆಂದು ಒಳಗೆ ಹೋಗುವರು. ಮಗಳು ಕಲ್ಲು ಆಯುತ್ತ ಅರ್ಧವನ್ನು ವಾಪಸು ಪಾತಿಗೇ ಎಸೆಯುವಳು. ಅಂಗೈಗೆ ಬೊಬ್ಬೆ ಬಂದವರು ನಾನು ಮತ್ತು ಅತ್ತೆ. ಮಾವನೋ, ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು ಅವರು. "ಸ್ವಲ್ಪ ಎಡಕ್ಕ ತಗೋ... ಹಾಂ, ಬರ್ಲಿ, ಬರ್ಲಿ... ರೈಟ್!" ಮದುವೆಯಾದಾಗಿನಿಂದ ಕುಡಿದ ಲೋಟ ಎತ್ತಿಟ್ಟ ಮನುಷ್ಯರಲ್ಲ. "ನೀರು" ಎಂದರೆ ಅತ್ತೆ ನೀರು ತರಬೇಕು, "ಊಟ" ಎಂದರೆ ತಾಟು ಬರಬೇಕು. ಕೆಟ್ಟವರೇನೂ ಅಲ್ಲ. ಮನೆಗೆಲಸ ತಮ್ಮ ರೂಟಿನಲ್ಲಿ ಬರುವುದಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದರು, ಅಷ್ಟೆ.

ಯುಗಾದಿಯ ಹೊತ್ತಿಗೆ ಪಾತಿಗಳು ತಯಾರಾದವು, ಅತ್ತೆಯ ಸೊಂಟ ಹಿಡಿಯಿತು. ಹಬ್ಬದ ಬೆಳಿಗ್ಗೆ ನಾನು ಎದ್ದು ಹಿತ್ತಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಮಾವ ಹಂಡೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುಗೊಳವೆ ಊದುತ್ತಿದ್ದಾರೆ! ಕಣ್ಣು ಕೆಂಪಾಗಿವೆ, ಮೀಸೆಗೆ ಬೂದಿ ಹತ್ತಿದೆ. ನನಗೆ ಒಂದು ಕ್ಷಣ ಬೇರೆ ಯಾರೋ ಬಂದು ಕೂತಿದ್ದಾರೆ ಅನ್ನಿಸಿತು.

"ಏನ್ ನೋಡ್ತಿಯವ್ವಾ? ನಿಮ್ಮತ್ತಿ ಸ್ವಾಂಟ ಹಿಡ್ಕೊಂಡೈತಿ. ಇವತ್ತು ಅಕಿಗೆ ನಾನ ನೀರು ಕಾಸ್ತೀನಿ."

ನಾನು ಒಳಗೆ ಓಡಿಹೋಗಿ ನನ್ನವರನ್ನು ಎಬ್ಬಿಸಿದೆ. ಅವರೂ ಬಂದು ನೋಡಿ, ಕಣ್ಣುಜ್ಜಿಕೊಂಡು ಒಳಗೆ ಹೋದರು. ಆ ದಿನ ನೀರು ಕೊತಕೊತ ಕಾದಿತ್ತು. ಅತ್ತೆ ಬಚ್ಚಲಿನಲ್ಲಿ ಎಂದೂ ಇಲ್ಲದಷ್ಟು ಹೊತ್ತು ಇದ್ದರು, ಹೊರಬಂದಾಗ ಮುಖ ಹೊಸ ಮದುಮಗಳ ಮುಖದಂತೆ ಕೆಂಪಾಗಿತ್ತು. ಯುಗಾದಿಯ ದಿನ ಬೇವು ಕುಡಿಯುವ ಮೊದಲು ನೆಲಕ್ಕೆ ಬೀಜ ಊರುವುದು ಅವರ ತವರಿನ ಪದ್ಧತಿಯಂತೆ. ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡೇ ಹಿತ್ತಿಲ ಗೋಡೆಯ ಹತ್ತಿರ ಹೋದರು. ಗೋಡೆಯ ಮೇಲೆ ದುಂಡನೆಯ ಗುರುತುಗಳು ಮಾತ್ರ ಇದ್ದವು.

"ಕುಳ್ಳು ಯಾರು ತಗದ್ರು?"

"ನಾನ" ಎಂದರು ಮಾವ, ಕುರ್ಚಿಯಿಂದ. "ಎಂಥಾ ಒಣಗಿದ್ವು ಅಂತಿ! ಕಡ್ಡಿ ಗೀರಿದ್ದ ತಡ, ಭಗ್ ಅಂದ್ವು."

ಅತ್ತೆ ನೇರ ಒಲೆಯ ಹತ್ತಿರ ಬಂದರು. ಕೂತು ಒಂದು ಕಟ್ಟಿಗೆ ಚೂರಿನಿಂದ ಬೂದಿ ಕೆದಕಿದರು. ಬೂದಿಯಲ್ಲಿ ಉಬ್ಬಿ ಸಿಡಿದ ಸಣ್ಣ ಸಣ್ಣ ಕರಿ ಚೂರುಗಳು ಕಂಡವು. ಏನು ಅವು ಎಂದು ನಾನು ಕೇಳಿದೆ. "ಹೀರಿ ಬೀಜ. ನಮ್ಮವ್ವನ ಹೀರಿ" ಎಂದರು. ಹುಳ ಹತ್ತಬಾರದೆಂದು ಹಸಿ ಸಗಣಿಯಲ್ಲಿ ಬೀಜ ಒತ್ತಿ, ಗೋಡೆಗೆ ತಟ್ಟಿ ಒಣಗಿಸಿಡುವುದು ಅವರ ಕಡೆಯ ರೂಢಿ. ನನಗೆ ಗೊತ್ತಿರಲಿಲ್ಲ, ಸರಿ. ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೂ ಗೊತ್ತಿರಲಿಲ್ಲವಲ್ಲ! ಜನ್ಮದಲ್ಲಿ ಒಮ್ಮೆ ಹೆಂಡತಿಗೆಂದು ಒಲೆ ಹೊತ್ತಿಸಿದ ಮನುಷ್ಯ ಅವಳ ತವರಿನ ಬೀಜವನ್ನೆಲ್ಲ ಸುಟ್ಟು ಅವಳಿಗೇ ನೀರೆರೆದಿದ್ದ. ನಾವೆಲ್ಲ ಆ ನೀರನ್ನೇ ಮೈಮೇಲೆ ಹುಯ್ದುಕೊಂಡು, ಆಹಾ ಎಂದು ಬಂದಿದ್ದೆವು.

ಆ ಹೀರೆ ಪೇಟೆಯಲ್ಲಿ ಸಿಗುವಂಥದ್ದಲ್ಲ. ಗಿಡ್ಡ, ದಪ್ಪ, ಸಿಪ್ಪೆ ಸಮೇತ ಬೇಯಿಸಿದರೂ ಸಿಹಿ. ಅತ್ತೆಯ ತಾಯಿ ತಂಬ್ರಹಳ್ಳಿಯಲ್ಲಿ ಬೆಳೆಯುತ್ತಿದ್ದರು, ಅವರು ಹೋದ ಮೇಲೆ ಉಳಿದದ್ದು ಇಬ್ಬರು ಹೆಣ್ಣುಮಕ್ಕಳ ಹತ್ತಿರ ಮಾತ್ರ. ಮಾವ ಕುರ್ಚಿಯಿಂದ ಎದ್ದು ನಿಂತಿದ್ದರು. ಅತ್ತೆ ಅವರ ಮುಖ ನೋಡಿ, "ನೀರಾದ್ರೂ ಚಲೋ ಕಾದಿದ್ವು ಬಿಡ್ರಿ" ಎಂದು ಒಳಗೆ ಹೋದರು. ಬೈದಿದ್ದರೆ ಮಾವ ಉಣ್ಣುತ್ತಿದ್ದರೇನೋ, ಆ ದಿನ ಅವರು ಹೋಳಿಗೆ ಮುಟ್ಟಲಿಲ್ಲ.

ಬೀಜ ಇನ್ನು ಇದ್ದರೆ ತಂಬ್ರಹಳ್ಳಿಯಲ್ಲಿ, ಅತ್ತೆಯ ತಂಗಿ ಹಾಲಮ್ಮನ ಹತ್ತಿರ. ಆದರೆ ಅಕ್ಕತಂಗಿಯರ ಮಾತು ನಿಂತು ವರ್ಷಗಳಾಗಿದ್ದವು. ನನ್ನ ಮಗಳು ಹುಟ್ಟಿದ ಮರುದಿನ ತಂಬ್ರಹಳ್ಳಿಯಿಂದ ಸುದ್ದಿ ಬಂದಿತ್ತು: ತಾಯಿ ತೀರಿಕೊಂಡಳು, ಮಣ್ಣೂ ಆಯಿತು ಎಂದು. ಎಷ್ಟೋ ದಿನ ಹಾಸಿಗೆ ಹಿಡಿದಿದ್ದರಂತೆ, ಹಾಲಮ್ಮ ಒಂದು ಮಾತು ಹೇಳಿ ಕಳಿಸಿರಲಿಲ್ಲ. ನನಗೆ ತಾಯಿಯಿಲ್ಲ, ನನ್ನ ಬಾಣಂತನಕ್ಕೆ ನಿಂತವರು ಅತ್ತೆ. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡೇ ಆ ಸುದ್ದಿ ಕೇಳಿದರು. "ಹೆತ್ತಾಕಿ ಮಾರಿ ನೋಡಗೊಡಲಿಲ್ಲ ನನಗ" ಎಂದರು, ಅಂದಿನಿಂದ ತಂಗಿಯ ಹೆಸರೆತ್ತಲಿಲ್ಲ.

ಯುಗಾದಿಯ ಮರುದಿನ ಮಾವ ಬೆಳಿಗ್ಗೆಯೇ ಮಡಿ ಪಂಚೆ ಉಟ್ಟು, ಹೆಗಲಿಗೆ ಬಿಳಿ ವಲ್ಲಿ ಹಾಕಿಕೊಂಡು ಬಸ್ ಹತ್ತಿದರು. ಎಲ್ಲಿಗೆಂದು ಹೇಳಲಿಲ್ಲ. ಸಂಜೆ ಬಂದಾಗ ಅದೇ ವಲ್ಲಿ ಸೊಂಟಕ್ಕೆ ಸುತ್ತಿತ್ತು, ಹೊಟ್ಟೆಯ ಮೇಲೆ ಒಂದು ಗಂಟು. ಅತ್ತೆಯ ಮುಂದೆ ಬಿಚ್ಚಿದರು. ಅಕ್ಕಿ, ಅರಿಶಿನದ ಕೊಂಬು, ಒಣಕೊಬ್ಬರಿ, ಎಲೆಅಡಿಕೆ, ಒಂದು ಕುಪ್ಪಸದ ಕಣ. ಅದರ ನಡುವೆ ಕರಿ ಹೀರೆಬೀಜ. ಮುತ್ತೈದೆಯ ಮಡಿಲಿಗೆ ತುಂಬುವ ಉಡಿ! ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಮಾವ ಕೈಕಾಲು ತೊಳೆಯಲು ಹೋದರು.

ನಡೆದದ್ದು ಗೊತ್ತಾದದ್ದು ಸ್ವಲ್ಪ ಹೊತ್ತಿಗೆ ಹಾಲಮ್ಮ ನನಗೆ ಫೋನು ಮಾಡಿದಾಗ. ಆ ಕಡೆಯಿಂದ ನಗುವೋ ಅಳುವೋ ತಿಳಿಯದ ದನಿ.

"ನಿಮ್ಮ ಮಾವ ಬಂದು ಕೇಳಿದ್ರು. ಬೀಜ ಗಂಡಸರ ಕೈಗೆ ಕೊಡಂಗಿಲ್ಲ ಭಾವ, ಅದು ಹೆಣ್ಣುಮಕ್ಕಳ ಉಡಿಯಿಂದ ಉಡಿಗೆ ಹೋಗೂದು. ಅಕ್ಕನ ಬರ್ಲಿ ಅಂದೆ. ಅಕಿ ಬರಂಗಿಲ್ಲವ್ವಾ ಅಂದ್ರು. ಅಂದು, ಕಟ್ಟಿ ಮ್ಯಾಲ ಮಣೆ ಹಾಕ್ಕೊಂಡು ಕುಂತು ವಲ್ಲಿ ಒಡ್ಡಿಬಿಟ್ರು! ಕೈಗೆ ಬ್ಯಾಡ, ಉಡ್ಯಾಗ ಹಾಕು ಅಂತ! ಓಣಿ ಮಂದಿಯೆಲ್ಲ ನೆರೆದೈತಿ. ನಾ ಏನ್ ಮಾಡ್ಲಿ ಹೇಳು, ತುಂಬಿದೆ." ಸ್ವಲ್ಪ ತಡೆದು, "ಅಕ್ಕನ ಕೈಯಾಗ ಫೋನು ಕೊಡ್ತಿಯೇನವ್ವಾ?" ಎಂದರು.

ನಾನು ಫೋನು ಚಾಚಿದೆ. ಅತ್ತೆ ತೆಗೆದುಕೊಳ್ಳಲಿಲ್ಲ. ಬೀಜ ಮಾತ್ರ ಒಂದೊಂದೇ ಎತ್ತಿ ನೋಡುತ್ತಿದ್ದರು, ಕಣ್ಣೀರು ಮೂಗಿನ ತುದಿಗೆ ಬಂದಿತ್ತು.

ಹಾಗೆ ನಮ್ಮ ಹಿತ್ತಿಲು ಶುರುವಾಯಿತು. ಬಚ್ಚಲ ನೀರು ಕುಡಿದು ಬಳ್ಳಿ ಕಾಂಪೌಂಡಿನ ಉದ್ದಕ್ಕೂ ಹಬ್ಬಿತು. ಅಲ್ಲಿಂದ ಪ್ರತಿ ವರ್ಷ ಮೊದಲ ಕಾಯಿ ಕೊಯ್ದಾಗ ಅತ್ತೆ ಒಂದು ಚೀಲಕ್ಕೆ ಹಾಕಿ ಬಾಗಿಲಲ್ಲಿ ಇಡುವರು. ಯಾರಿಗೆ ಎಂದು ಹೇಳುವುದಿಲ್ಲ. ಮಾವ ಕೇಳುವುದಿಲ್ಲ, ಎತ್ತಿಕೊಂಡು ತಂಬ್ರಹಳ್ಳಿ ಬಸ್ಸು ಹಿಡಿಯುವರು. ಬರುವಾಗ ಅಲ್ಲಿಂದ ಮಜ್ಜಿಗೆ ಮೆಣಸಿನಕಾಯಿಯೋ ಶೇಂಗಾವೋ ಬರುತ್ತಿತ್ತು. ಅಕ್ಕತಂಗಿಯರು ಮಾತಾಡಿದ್ದು ಮಾತ್ರ ಇಲ್ಲ. ಮಾವ ಹೋದ ದಿನ ಅತ್ತೆ ಮೊದಲು ಅಂದದ್ದು, "ತಂಬ್ರಹಳ್ಳಿಗೆ ಹೇಳ್ರಿ." ಹಾಲಮ್ಮ ಬಂದರು, ಅತ್ತರು, ಮಣ್ಣು ಮುಗಿಸಿ ಹೋದರು. ಅಷ್ಟು ಜನರ ನಡುವೆ ಇಬ್ಬರೂ ಏನು ಮಾತಾಡಿಯಾರು?

ಈ ವರ್ಷ ಪಾತಿಗಳು ಬರಿದಾಗಿ ಬಿದ್ದಿದ್ದವು. ಬೀಜ ಡಬ್ಬಿಯಲ್ಲೇ ಇತ್ತು. ಅತ್ತೆ ಹಿತ್ತಿಲ ಕಡೆ ಹೋಗುವುದನ್ನೇ ಬಿಟ್ಟಿದ್ದರು. "ಗಂಡ ಹೋದಾಕಿ ನಾ, ಮುಟ್ಟಬಾರದವ್ವಾ. ನೀನ ಊರು" ಎನ್ನುವರು. ನಾನು ಸಾವಿರ ಹೇಳಿದೆ, ಅದೆಲ್ಲ ಏನಿಲ್ಲ ಎಂದು. ಶಾಲೆಯಲ್ಲಿ ಮಕ್ಕಳಿಗೆ ಹೇಳಿದಷ್ಟು ಸುಲಭವಾಗಿ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ. ಅವರು ಊರದೆ ನಾನೂ ಊರುವುದಿಲ್ಲವೆಂದು ಹಟ ಹಿಡಿದೆ. ಹಾಗೇ ಬಿಟ್ಟಿದ್ದರೆ ಆ ಬೀಜ ಈ ಬೇಸಿಗೆಗೆ ಮುಗಿದುಹೋಗುತ್ತಿತ್ತು.

ಯುಗಾದಿಯ ಮರುದಿನ ಹಾಲಮ್ಮ ಬಂದಿಳಿದರು, ಕಂಕುಳಲ್ಲಿ ಗಂಟು. ಒಳಗೆ ಬಂದವರೇ ಗೋಡೆಗೆ ಆನಿಸಿದ್ದ ಮಣೆ ಎಳೆದು ನಡುಮನೆಯಲ್ಲಿ ಹಾಕಿದರು. ಗಂಟಿನಿಂದ ಅಕ್ಕಿ, ಕೊಬ್ಬರಿ, ಎಲೆಅಡಿಕೆ ತೆಗೆದರು. ಕುಶಲ ಕೇಳಲು ಬಂದಿದ್ದ ಪಕ್ಕದ ಮನೆಯಾಕೆ ಬಾಗಿಲಲ್ಲೇ ಕಲ್ಲಾದಳು. ಗಂಡ ಸತ್ತವಳಿಗೆ ಉಡಿ! ಅದೂ ವರ್ಷದೊಳಗೆ!

"ಬಾ ಅಕ್ಕ, ಕುಂದ್ರು."

"ನನಗ ಇನ್ನೆಂಥಾ ಉಡಿ ಲೇ ಹಾಲೀ?" ಅಷ್ಟು ವರ್ಷಗಳ ಮೇಲೆ ಅತ್ತೆ ತಂಗಿಯನ್ನು ಹೆಸರು ಹಿಡಿದು ಕರೆದದ್ದು ಹೀಗೆ.

"ಅಂಥಾ ಗಂಡಸು, ಮಂದಿ ಮುಂದ ನಿನ ಸಲುವಾಗಿ ಉಡಿ ಒಡ್ಡ್ಯಾನ. ನಿನಗೇನು ಧಾಡಿ ಆಗೇತಿ? ಒಡ್ಡು."

ಅತ್ತೆ ಕೂತರು, ಸೆರಗು ಒಡ್ಡಿದರು. ಹಾಲಮ್ಮ ಮುಷ್ಟಿ ಮುಷ್ಟಿ ತುಂಬಿದರು, ಕೊನೆಯಲ್ಲಿ ಬೀಜ. ಮೊಣಕಾಲು ನೋಯುವ ಅಕ್ಕನ ರಟ್ಟೆ ಹಿಡಿದು ಎಬ್ಬಿಸಿ ಹಾಗೇ ಹಿತ್ತಿಲಿಗೆ ಕರೆದುಕೊಂಡು ಹೋದರು. ಪಾತಿಗೆ ಹಾಕಲು ನಾನು ಕೊಡ ತುಂಬಿ ಹಿಂದೆಯೇ ಹೋದೆ. ಹೊಸ್ತಿಲು ದಾಟುವಷ್ಟರಲ್ಲಿ ಜಗಳ ಕೇಳಿಸಿತು. ಅವ್ವ ಬೀಜ ಇಷ್ಟು ಆಳಕ್ಕೆ ಹಾಕುತ್ತಿರಲಿಲ್ಲ ಎಂದು ಒಬ್ಬರು, ನಿನಗೇನು ಗೊತ್ತು ಎಂದು ಇನ್ನೊಬ್ಬರು. ನನಗೆ ನಗು ಬಂತು, ಬಹಳ ದಿನಗಳ ಮೇಲೆ. ಆಮೇಲೆ ಅತ್ತೆಯ ದನಿ ಒಮ್ಮೆಲೇ ಇಳಿಯಿತು.

"ಅವ್ವ ಕಡೀಕ ನನ್ನ ಕೇಳಲಿಲ್ಲೇನ?"

ಹಾಲಮ್ಮ ಮಣ್ಣು ಮುಚ್ಚುತ್ತಲೇ ಹೇಳಿದರು. "ಕೇಳಲಾರದ ಇರ್ತಾಳೇನು? ಹೇಳಿ ಕಳಿಸ್ತೀನವ್ವಾ ಅಂದೆ. ಬ್ಯಾಡ ಅಂದ್ಲು. ಅಕಿ ಸೊಸಿಗೆ ದಿನ ತುಂಬ್ಯಾವ, ತಾಯಿಲ್ಲದ ಹುಡುಗಿ, ನನ ಮಗಳು ಇಲ್ಲಿಗೆ ಓಡಿ ಬಂದ್ರ ಅದಕ್ಕ ಯಾರು ದಿಕ್ಕು? ಕೂಸು ಭೂಮಿಗೆ ಬಿದ್ದ ಮ್ಯಾಲ ಹೇಳು ಅಂತ ಆಣಿ ಮಾಡಿಸ್ಕೊಂಡ್ಲು."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಹೇಳಿದ್ರ ಆ ಹುಡುಗಿ ಮ್ಯಾಲ ನಿನ್ನ ಮನಸ್ಸು ಮುರೀತಿತ್ತು. ನನ ಮ್ಯಾಲ ಸಿಟ್ಟಿರ್ಲಿ ಬಿಡು ಅಂದೆ."

ಆ ಹುಡುಗಿ ಹೊಸ್ತಿಲಲ್ಲಿ ಕೊಡ ಹೊತ್ತು ನಿಂತಿದ್ದಾಳೆಂದು ಹಾಲಮ್ಮನಿಗೆ ಗೊತ್ತಿರಲಿಲ್ಲ. ಆ ಅಜ್ಜಿಯನ್ನು ನಾನು ಮದುವೆಯಲ್ಲೊಮ್ಮೆ ನೋಡಿದ್ದೆ, ಮುಖವೂ ಸರಿಯಾಗಿ ನೆನಪಿಲ್ಲ. ಅತ್ತೆ ಮೆಲ್ಲಗೆ ತಿರುಗಿದರು. ನನ್ನನ್ನು ನೋಡಿದರು. ನನ್ನಿಂದಾಗಿ ಹೆತ್ತವಳ ಮುಖ ತಪ್ಪಿತೆಂದು ಈಗ ಏನನ್ನುವರೋ ಎಂದು ನನಗೆ ಹೆದರಿಕೆಯಾಯಿತು.

"ಅಲ್ಲೇ ಯಾಕ ನಿಂತಿ? ಬಾರವ್ವಾ, ನೀರು ಹಾಕು" ಎಂದರು.

ನಾನು ಹೆಜ್ಜೆ ಎತ್ತಿದೆ. ಅರ್ಧ ನೀರು ನನ್ನ ಕಾಲ ಮೇಲೆಯೇ ಚೆಲ್ಲಿತು.