ಬಟ್ಟೆ ಹಗ್ಗದ ಪರಂಗಿ

ಪರಂಗಿ ಗಿಡ ಗಂಡೋ ಹೆಣ್ಣೋ ಎಂದು ತಿಳಿಯಬೇಕಾದರೆ ಬಂಗಾರಪೇಟೆಯ ಸುತ್ತಮುತ್ತಲಿನವರು ಮುನೀಂದ್ರನನ್ನೇ ಕರೆಯುತ್ತಿದ್ದರು. ಸಸಿ ಮಾರುವವನು, ಮಾತು ಜಾಸ್ತಿ, ಅನುಮಾನ ಕಡಿಮೆ. ಹೂವೊಂದನ್ನು ಕಿತ್ತು ಹೆಬ್ಬೆರಳಿನ ಉಗುರಿನಲ್ಲಿ ಸೀಳುತ್ತಿದ್ದ. ಒಳಗೆ ಮುಂದೆ ಕಾಯಾಗುವ ಪೀಚು ಕಂಡರೆ ಗಿಡಕ್ಕೆ ಆಯುಸ್ಸು, ಕಾಣದಿದ್ದರೆ ಮಚ್ಚು.

ಹೋದ ಬೇಸಿಗೆಯಲ್ಲಿ ಮಾರಿಕುಪ್ಪಂ ಕಡೆಯ ಮಾರಿಯಮ್ಮ ಅವನನ್ನು ಕರೆಸಿದಳು. ಕೂಲಿಗೆ ಹೋಗುವ ಹೆಂಗಸು. ಮನೆಯ ಹಿಂದಿನ ತುಂಡು ನೆಲದಲ್ಲಿ ಅವನಿಂದಲೇ ತಂದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಎದೆಯೆತ್ತರ ಬೆಳೆಸಿದ್ದಳು. ಮುನೀಂದ್ರ ಬಿಸಿಲಿಗೆ ಸಿಡುಕುತ್ತಾ ಹೂವು ಸೀಳಿದ. ಅರ್ಧದಷ್ಟು ಗಿಡಗಳಲ್ಲಿ ಪೀಚೇ ಇರಲಿಲ್ಲ.

"ಇವೆಲ್ಲಾ ಗಂಡು ಕಣಕ್ಕ, ಕಡಿದಾಕು. ಒಂದೂ ಇಟ್ಕೋಬ್ಯಾಡ. ಪಕ್ಕದ ಒಲದಾಗೆ ಗಂಡು ಐತೆ, ಕಾಯಿ ಕಟ್ಟಾಕೆ ಅದೇ ಸಾಕು."

"ಒಂದ್ ಮಳೆ ನೋಡಾನ ಅಣ್ಣ?"

"ಮಳೆ ಬಂದ್ರೆ ಗಂಡು ಎಣ್ಣಾಗ್ತದೇನಕ್ಕ?" ಎಂದು ನಕ್ಕು ಹೊರಟುಹೋದ.

ಮಳೆಗಾಲದಲ್ಲಿ ಅವನದೇ ನರ್ಸರಿಯ ಬೇಲಿ ಪಕ್ಕ, ಸೋಮಾರಿತನಕ್ಕೆ ಕಡಿಯದೆ ಬಿಟ್ಟಿದ್ದ ಗಂಡು ಗಿಡವೊಂದು ಕಾಯಿ ಹಿಡಿಯಿತು. ಮುನೀಂದ್ರ ಕಾಯಿ ಮುಟ್ಟಿ ನೋಡಿದ. ಬೀಜ ಕೊಡುವ ಸುಧಾಕರ್‌ಗೆ ಫೋನ್ ಮಾಡಿದ.

"ಅದು ಗಂಡೂ ಎಣ್ಣೂ ಒಂದೇ ಊವಿನಾಗೆ ಇರೋ ಗಿಡ. ಉಟ್ಟುತ್ಲೇ ಬೀಜದಾಗೆ ಬಂದಿರ್ತದೆ. ಬಿಸಿಲು ಜಾಸ್ತಿ ಆದ್ರೆ ಪೀಚು ಕಟ್ಟಲ್ಲ, ತಂಪಾದ್ರೆ ಕಟ್ತದೆ. ನಿಜವಾದ ಗಂಡಾದ್ರೆ ಊವು ಉದ್ದ ಕಡ್ಡೀಲಿ ಜೋತಾಡ್ತದೆ. ನಿಂಗೊತ್ತಿಲ್ವಾ?"

"ಗೊತ್ತು ಗೊತ್ತು," ಎಂದ ಮುನೀಂದ್ರ.

ಅಂದಿನಿಂದ ಮಾರಿಯಮ್ಮನ ಮನೆಯ ರಸ್ತೆ ಬಿಟ್ಟು ಆಂಡರ್ಸನ್‌ಪೇಟೆ ಸುತ್ತಿಕೊಂಡು ಓಡಾಡಿದ. ನಾಚಿಕೆ ಅವನನ್ನು ತಿನ್ನುತ್ತಿತ್ತು. ಆದರೂ ಹೋಗಿ ಹೇಳಲು ಬಾಯಿ ಬರಲಿಲ್ಲ.

ಸಂಕ್ರಾಂತಿ ಹತ್ತಿರ ಅವಳೇ ಫೋನ್ ಮಾಡಿ ಕರೆದಳು. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದ ಗಿಡದ ತುಂಬಾ ಉದ್ದುದ್ದ ಕಾಯಿ. ಕಾಂಡಕ್ಕೆ ಕಬ್ಬಿಣದ ಮೊಳೆ ಬಡಿದಿತ್ತು. ಹಾಗೆ ಮಾಡಿದರೆ ಗಂಡು ಪರಂಗಿಯೂ ಕಾಯಿ ಬಿಡುತ್ತದೆಂದು ಅಲ್ಲಿಯವರ ನಂಬಿಕೆ.

"ಬೇಜಾರ್ ಮಾಡ್ಕೋಬ್ಯಾಡಣ್ಣ," ಎಂದಳು ಮಾರಿಯಮ್ಮ. "ನೀನು ಎಲ್ಲಾ ಕಡಿ ಅಂದೆ. ಬಟ್ಟೆ ಅಗ್ಗ ಕಟ್ಟಾಕೆ ಬೇಕು ಅಂತ ಒಂದನ್ನ ಕದ್ದು ಉಳಿಸ್ಕೊಂಡೆ. ನಿನ್ ಮಾತು ಮೀರಿದ್ದು ತಪ್ಪಾಯ್ತು. ಕಡಿಯೋಕ್ ಮುಂಚೆ ಎಲ್ಲಾದಕ್ಕೂ ಮೊಳೆ ಒಡೀಬೇಕಿತ್ತು, ನಂಗೇ ತೋಚಲಿಲ್ಲ."

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೊಳೆಯ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು. ಮನಸ್ಸು ಒಂದು ಗಳಿಗೆ ಅತ್ತ ವಾಲಿತು ಕೂಡ.

"ಮೊಳೆ ಅಲ್ಲಕ್ಕ. ಅವು ಗಂಡೇ ಅಲ್ಲ, ಬಿಸಿಲಿಗೆ ಪೀಚು ಕಟ್ಟಿರಲಿಲ್ಲ ಅಷ್ಟೇ. ಮಳೆಗಂಟ ಬಿಟ್ಟಿದ್ರೆ ಎಲ್ಲಾ ಇಂಗೇ ಕಾಯಿ ಬಿಡ್ತಿದ್ವು. ನಂಗೆ ಮಳೆಗಾಲದಾಗೇ ಗೊತ್ತಾಯ್ತು."

ಮಾರಿಯಮ್ಮ ಸಾಲಾಗಿ ಕೊಳೆತಿದ್ದ ಬುಡಗಳ ಕಡೆ ನೋಡುತ್ತಾ ನಿಂತಳು. ಆಮೇಲೆ ಹಗ್ಗದ ಮೇಲಿದ್ದ ಸೀರೆ ಸರಿಸಿ, ಹಣ್ಣಾಗಿದ್ದ ಒಂದನ್ನು ಕಿತ್ತು ಅವನ ಕೈಗಿಟ್ಟಳು.

"ನಿಂಗೇ ಅಂತ ಇಟ್ಟಿದ್ದೆ, ತಗೊಂಡೋಗು," ಎಂದಳು, ಮುಖ ನೋಡದೆ.

ಬೇಡ ಅನ್ನಲೂ ಅವನಿಗೆ ಮುಖವಿರಲಿಲ್ಲ. ತೆಗೆದುಕೊಂಡ.